ಹೇರ್ ಡೈ ಹಾಕಿದ ಮೇಲೆ ಉರಿ, ತುರಿಕೆ, ಊತ: ಮೊದಲ ಗಂಟೆಯಿಂದ ಮುಂದಿನ ಡೈವರೆಗೆ ಏನೇನು ಮಾಡಬೇಕು

ತಲೆಯಲ್ಲಿ ಈಗಲೇ ಡೈ ಇದೆ, ಉರಿಯುತ್ತಿದೆ, ಅದಕ್ಕೇ ಇದನ್ನು ಹುಡುಕಿದಿರಿ ಅಂತಾದರೆ ಓದೋದು ಆಮೇಲೆ. ಮೊದಲು ಬಚ್ಚಲಿಗೆ ಹೋಗಿ ತೊಳೆದುಕೊಳ್ಳಿ. "ಇನ್ನು ಹತ್ತು ನಿಮಿಷ ಬಿಟ್ಟರೆ ಬಣ್ಣ ಚೆನ್ನಾಗಿ ಹಿಡಿಯುತ್ತೆ" ಅನ್ನೋ ಲೆಕ್ಕ ಬೇಡ. ಅಲ್ಲಲ್ಲಿ ಬಿಳಿ ಉಳಿದರೆ ಉಳಿಯಲಿ.

ಇನ್ನು ಕೆಲವರ ಕಥೆ ಬೇರೆ. ಭಾನುವಾರ ಡೈ ಹಾಕಿದರು, ಏನೂ ಆಗಲಿಲ್ಲ. ಸೋಮವಾರ ರಾತ್ರಿ ಕಿವಿಯ ಹಿಂದೆ ಸ್ವಲ್ಪ ನವೆ. ಮಂಗಳವಾರ ಬೆಳಿಗ್ಗೆ ಎದ್ದರೆ ಕಣ್ಣು ಬಿಡೋಕೇ ಆಗುತ್ತಿಲ್ಲ. ರೆಪ್ಪೆ ಎರಡೂ ಊದಿ ಕೂತಿವೆ, ಹಣೆ ದಪ್ಪಗಾಗಿದೆ. ಮನೆಯಲ್ಲಿ ಒಬ್ಬರು ಹುಳ ಕಡಿದಿರಬೇಕು ಅಂತಾರೆ, ಇನ್ನೊಬ್ಬರು ನಿನ್ನೆ ತಿಂದ ಬದನೆಕಾಯಿ ನಂಜು ಅಂತಾರೆ. ಎರಡು ದಿನದ ಹಿಂದಿನ ಡೈ ಯಾರಿಗೂ ನೆನಪಾಗುವುದಿಲ್ಲ. ಒಂದು ವಾರಕ್ಕೆ ಕಡಿಮೆಯಾಗುತ್ತದೆ, ಮುಂದಿನ ತಿಂಗಳು ಅದೇ ಪ್ಯಾಕೆಟ್ ತಂದು ಮತ್ತೆ ಹಚ್ಚುತ್ತಾರೆ. ಈ ಸಲ ಎರಡು ದಿನ ಕಾಯೋದೂ ಇಲ್ಲ, ಇನ್ನೂ ಬೇಗ ಬರುತ್ತದೆ, ಇನ್ನೂ ಜೋರಾಗಿ ಬರುತ್ತದೆ. ಡೈ ಅಲರ್ಜಿಯಲ್ಲಿ ಜನ ಮೋಸ ಹೋಗೋದು ಇಲ್ಲೇ, ಈ ಎರಡು ದಿನದ ಅಂತರದಲ್ಲಿ.

ಬರೀ ಉರಿಯಾ, ಅಲರ್ಜಿಯಾ?

ಇದನ್ನು ಬೇರೆ ಮಾಡಿಕೊಳ್ಳಲೇಬೇಕು. ಮುಂದೆ ಮತ್ತೆ ಡೈ ಹಾಕಬಹುದಾ ಅನ್ನೋದು ಇದರ ಮೇಲೇ ನಿಂತಿದೆ.

ಡೈಯಲ್ಲಿ ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್ ಇರುತ್ತವೆ. ಇವು ಯಾರ ಚರ್ಮಕ್ಕಾದರೂ ಖಾರವೇ. ಹೊಟ್ಟು ಕೆರೆದು ನೆತ್ತಿ ಗಾಯವಾಗಿದ್ದರೆ, ಈಗಷ್ಟೇ ಶಾಂಪೂ ಹಾಕಿ ಉಜ್ಜಿ ಎಣ್ಣೆಯಂಶವೆಲ್ಲ ಹೋಗಿದ್ದರೆ, ಅಥವಾ 30 ನಿಮಿಷ ಅಂತ ಬರೆದಿದ್ದನ್ನು ಒಂದೂವರೆ ಗಂಟೆ ಬಿಟ್ಟಿದ್ದರೆ ಚುರುಚುರು ಅನ್ನೋದು ಸಹಜ. ಇದು ಹಚ್ಚಿದ ಕೆಲವೇ ನಿಮಿಷಕ್ಕೆ ಶುರುವಾಗುತ್ತದೆ. ತುರಿಕೆಗಿಂತ ಉರಿ ಜಾಸ್ತಿ. ಡೈ ತಾಗಿದ ಜಾಗದಲ್ಲಷ್ಟೇ ಇರುತ್ತದೆ. ತೊಳೆದರೆ ತಗ್ಗುತ್ತದೆ, ಕೆಲವು ದಿನದಲ್ಲಿ ಹೋಗುತ್ತದೆ.

ಅಲರ್ಜಿ ಹಾಗಲ್ಲ. ಅದಕ್ಕೆ ಹೆಚ್ಚಿನ ಸಲ ಕಾರಣ ಪ್ಯಾರಾ ಫೆನಿಲೀನ್ ಡೈಅಮೈನ್, ಎಲ್ಲರೂ ಪಿಪಿಡಿ ಅನ್ನುತ್ತಾರೆ. ಕೂದಲನ್ನು ಕಪ್ಪು ಮಾಡುವುದು ಮುಖ್ಯವಾಗಿ ಇದೇ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2006ರಲ್ಲಿ ಇದನ್ನು 'ವರ್ಷದ ಅಲರ್ಜನ್' (ಅಲರ್ಜಿ ತರುವ ವಸ್ತು) ಅಂತ ಹೆಸರಿಸಿತ್ತು. ನಿಮ್ಮ ದೇಹ ಒಮ್ಮೆ ಇದನ್ನು ಶತ್ರು ಅಂತ ಗುರುತಿಟ್ಟುಕೊಂಡರೆ ಮುಂದೆ ಪ್ರತಿ ಸಲ ತಿರುಗಿಬೀಳುತ್ತದೆ. ಸಾಮಾನ್ಯವಾಗಿ ಹಚ್ಚಿದ 1ರಿಂದ 3 ದಿನದಲ್ಲಿ ಗೊತ್ತಾಗುತ್ತದೆ. ವಿಪರೀತ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ, ಊತ. ಡೈ ತಾಗಿದ್ದು ತಲೆಗಾದರೂ ಊದುವುದು ಮುಖ. ನೆತ್ತಿಯ ಚರ್ಮ ದಪ್ಪ, ಅದು ತಡೆದುಕೊಳ್ಳುತ್ತದೆ. ರೆಪ್ಪೆ, ಕಿವಿ, ಕೂದಲಂಚಿನ ಹಣೆ, ಕುತ್ತಿಗೆಯ ಹಿಂಭಾಗ ತಡೆದುಕೊಳ್ಳುವುದಿಲ್ಲ.

"ಇಪ್ಪತ್ತು ವರ್ಷದಿಂದ ಇದೇ ಡೈ ಹಾಕ್ತಿದೀನಿ, ಈಗ ಹೇಗೆ ಅಲರ್ಜಿ ಆಗುತ್ತೆ?" ಅಂತ ತುಂಬಾ ಜನ ವಾದ ಮಾಡುತ್ತಾರೆ. ಆಗುತ್ತದೆ. ಈ ಅಲರ್ಜಿ ಹುಟ್ಟಿನಿಂದ ಬರುವುದಲ್ಲ, ಹಚ್ಚೀ ಹಚ್ಚೀ ಬರುವುದು. ಇಪ್ಪತ್ತು ವರ್ಷ ಹಾಕಿದ್ದೇ ಕಾರಣ ಇರಬಹುದು.

ಮೊದಲ ಒಂದು ಗಂಟೆ

ಮಾಮೂಲಿ ಉರಿಯಾದರೂ ಅಲರ್ಜಿಯಾದರೂ ಮೊದಲ ಕೆಲಸ ತೊಳೆಯೋದು. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಕಣ್ಣು ಮುಚ್ಚಿ, ನೀರು ಮುಖದ ಮೇಲೆ ಹರಿಯದ ಹಾಗೆ ನೋಡಿಕೊಳ್ಳಿ. ನೀರು ತಣ್ಣಗಿರಲಿ, ಹೆಚ್ಚೆಂದರೆ ಉಗುರುಬೆಚ್ಚಗೆ. ಬಿಸಿ ನೀರು ಬೇಡವೇ ಬೇಡ, ತುರಿಕೆ ಎರಡರಷ್ಟಾಗುತ್ತದೆ. ವಾಸನೆ ಕಡಿಮೆ ಇರುವ ಸಾದಾ ಶಾಂಪೂ ಹಾಕಿ, ಹರಿಯುವ ನೀರಿಗೆ ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯಿರಿ. ಉಗುರಿನಿಂದ ಕೆರೆಯಬೇಡಿ. ಡೈ ಸೋರಿದ ಕಿವಿಯ ಹಿಂಭಾಗ, ಕತ್ತು, ಬೆನ್ನು ಮರೆಯಬೇಡಿ. ಹೆಗಲ ಮೇಲಿದ್ದ ಟವೆಲ್, ಹಾಕಿಕೊಂಡಿದ್ದ ಶರ್ಟು ಬದಲಾಯಿಸಿ, ದಿಂಬಿನ ಕವರ್ ಕೂಡ. ಎರಡು ದಿನದ ನಂತರ ಅಲರ್ಜಿ ಬಂದವರೂ ಇನ್ನೊಮ್ಮೆ ತಲೆ ತೊಳೆಯುವುದು ಒಳ್ಳೆಯದು, ಪೂರ್ತಿ ತೊಳೆದುಹೋಗದ ಅಂಶ ಉಳಿದಿರಬಹುದು.

ಕಣ್ಣಿಗೆ ಬಿದ್ದಿದ್ದರೆ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದುಬಿಡಿ. ಆಮೇಲೂ ಉರಿ, ಮಂಜು ಇದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹುಬ್ಬಿಗೆ, ರೆಪ್ಪೆಗೂದಲಿಗೆ ಡೈ ಹಚ್ಚಬೇಡಿ, ಕುರುಡುತನ ಬರಬಹುದು ಅನ್ನುವ ಎಚ್ಚರಿಕೆ ನಮ್ಮಲ್ಲಿ ಡೈ ಪೆಟ್ಟಿಗೆಗಳ ಮೇಲೆಯೇ ಇರುತ್ತದೆ. ಆದರೂ ಹುಬ್ಬಿಗೆ "ಒಂದು ಕೈ ಎಳೆಯುವ" ಅಂಗಡಿಗಳಿವೆ.

ಇನ್ನೊಂದು ಅಪರೂಪದ, ಆದರೆ ಕಾಯೋಕೆ ಆಗದ ಪರಿಸ್ಥಿತಿ ಇದೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಮೈತುಂಬ ಗಂಧೆ ಏಳುವುದು, ತುಟಿ ನಾಲಗೆ ಊದುವುದು, ಗಂಟಲು ಕಟ್ಟಿದ ಹಾಗಾಗುವುದು, ಉಸಿರಾಡುವಾಗ ಸುಂಯ್ ಅನ್ನುವುದು, ತಲೆ ಸುತ್ತಿ ಬೀಳುವ ಹಾಗಾಗುವುದು, ವಾಂತಿ. ಇದರಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸ್ಕೂಟರ್ ನೀವೇ ಓಡಿಸಿಕೊಂಡು ಹೋಗಬೇಡಿ. ಅಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಬೇಕಾಗಬಹುದು, ಮನೆಯಲ್ಲಿರುವ ಅಲರ್ಜಿ ಮಾತ್ರೆ ಆ ಕೆಲಸ ಮಾಡುವುದಿಲ್ಲ. ಕೂದಲಿನ ಬಣ್ಣ ತೆಗೆಯುವ ಬ್ಲೀಚ್‌ನಲ್ಲಿರುವ ಪರ್‌ಸಲ್ಫೇಟ್‌ನಿಂದಲೂ ಹೀಗಾಗುವುದುಂಟು. ಹಾಗಾಗಿ "ನಾನು ಡೈ ಅಲ್ಲ, ಹೈಲೈಟ್ ಮಾಡಿಸಿದ್ದು" ಅಂತ ಸುಮ್ನೆ ಕೂರಬೇಡಿ.

ಮನೆಯಲ್ಲಿ ಮುಂದಿನ ಕೆಲವು ದಿನ

ಉಸಿರಾಟ ಸರಿ ಇದೆ, ತುರಿಕೆ ಮತ್ತು ಅಲ್ಪಸ್ವಲ್ಪ ಊತ ಮಾತ್ರ ಇದೆ ಅಂದರೆ ಹೀಗೆ ಮಾಡಿ.

ಮೆತ್ತನೆಯ ಹತ್ತಿ ಬಟ್ಟೆ, ಹಳೆಯ ಪಂಚೆಯ ತುಂಡು ಸಾಕು, ತಣ್ಣೀರಲ್ಲಿ ಅದ್ದಿ ಹಿಂಡಿ 10-15 ನಿಮಿಷ ಊದಿದ ಜಾಗದ ಮೇಲಿಡಿ. ದಿನಕ್ಕೆ ನಾಲ್ಕೈದು ಸಲ. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಗುಳ್ಳೆ ಒಡೆದು ನೀರು ಸೋರುತ್ತಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಅದರಲ್ಲಿ ಬಟ್ಟೆ ಅದ್ದಿ ಇಡಿ. ಕಿವಿಯ ಹಿಂದಿನ ಮಡಿಕೆಯನ್ನು ದಿನಾ ಕನ್ನಡಿಯಲ್ಲೋ ಫೋನ್ ಕ್ಯಾಮೆರಾದಲ್ಲೋ ನೋಡಿಕೊಳ್ಳಿ. ಸೋರಿದ ನೀರು ಅಲ್ಲಿ ಒಣಗಿ ಹಳದಿ ಹಕ್ಕಳೆ ಕಟ್ಟುತ್ತದೆ, ಬೆಳಿಗ್ಗೆ ಏಳುವಾಗ ದಿಂಬಿಗೆ ಅಂಟಿಕೊಂಡು ಚುರ್ ಅಂತ ಎಳೆಯುತ್ತದೆ. ಕಿತ್ತುಹಾಕಬೇಡಿ, ಒದ್ದೆ ಮಾಡಿ ಮೆತ್ತಗಾಗಿಸಿ. ಆ ಹಳದಿ ಜಾಸ್ತಿಯಾಗಿ, ನೋವು ಬಂದು, ಕೀವು ವಾಸನೆ ಹೊಡೆದರೆ ಸೋಂಕು ಸೇರಿಕೊಂಡಿದೆ ಅಂತ ಅರ್ಥ. ಆಗ ಮನೆಮದ್ದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಚರ್ಮ ಒಡೆದಿಲ್ಲದ ಕಡೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ದೊಡ್ಡವರು ರಾತ್ರಿ ಸೆಟ್ರಿಜಿನ್ 10 ಮಿಲಿಗ್ರಾಂ ಒಂದು ಮಾತ್ರೆ ತೆಗೆದುಕೊಂಡರೆ ಸ್ವಲ್ಪ ನಿದ್ದೆ ಬರುತ್ತದೆ, ಕೆರೆತ ಕಡಿಮೆಯಾಗಬಹುದು. ಗಾಡಿ ಓಡಿಸಬೇಡಿ, ಕುಡಿಯುವ ಅಭ್ಯಾಸ ಇದ್ದರೆ ಆ ದಿನ ಬೇಡ. ಬಸುರಿಯರು, ಮೊಲೆಯುಣಿಸುವವರು, ಕಿಡ್ನಿ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಒಂದು ಮಾತು ನೆನಪಿರಲಿ, ಈ ಮಾತ್ರೆ ತುರಿಕೆಗೆ ಅಷ್ಟೇ. ತಡವಾಗಿ ಬರುವ ಡೈ ಅಲರ್ಜಿಯ ಮೂಲ ಉರಿಯೂತ ಇದರಿಂದ ಇಳಿಯುವುದಿಲ್ಲ. "ಮೂರು ದಿನ ಮಾತ್ರೆ ತಿಂದೆ, ಏನೂ ಆಗಲಿಲ್ಲ" ಅನ್ನೋದು ಅದಕ್ಕೇ.

ಮೂಲ ಉರಿಯೂತಕ್ಕೆ ಬೇಕಾದ್ದು ಸ್ಟೆರಾಯ್ಡ್, ಹಚ್ಚುವುದೋ ನುಂಗುವುದೋ. ಎಲ್ಲಿಗೆ ಯಾವುದು, ಎಷ್ಟು ದಿನ ಅನ್ನೋದನ್ನು ಡಾಕ್ಟರೇ ಹೇಳಬೇಕು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ ಒಂದಿದೆ. ಮೆಡಿಕಲ್ ಶಾಪಿಗೆ ಹೋಗಿ ಮುಖ ತೋರಿಸಿದರೆ ಕೌಂಟರಿನವರು ಒಂದು ಟ್ಯೂಬ್ ಕೊಡುತ್ತಾರಲ್ಲ, ಸ್ಟೆರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಮದ್ದು ಮೂರೂ ಬೆರೆಸಿದ್ದು, ಅದು ಬೇಡ. ಎರಡೇ ದಿನಕ್ಕೆ ಮ್ಯಾಜಿಕ್ ಮಾಡಿದ ಹಾಗೆ ಕಾಣುತ್ತದೆ, ಖುಷಿಯಾಗಿ ತಿಂಗಳುಗಟ್ಟಲೆ ಹಚ್ಚುತ್ತಾರೆ. ಆಮೇಲೆ ಮುಖದ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಕೆಂಪಗೆ ಉರಿದು, ಮೊಡವೆ ಎದ್ದು, ಬಿಟ್ಟರೆ ಇನ್ನೂ ಜೋರಾಗುವ ಬೇರೆಯದೇ ಕಾಯಿಲೆ ಶುರುವಾಗುತ್ತದೆ.

ನಿಂಬೆ, ವಿನೆಗರ್, ಟೂತ್‌ಪೇಸ್ಟ್, ಬೇವಿನ ಸೊಪ್ಪು ಅರೆದದ್ದು, ಅರಿಶಿನದ ಲೇಪ, ಇವನ್ನೆಲ್ಲ ಬಿಡಿ. ಚೆನ್ನಾಗಿರುವ ಚರ್ಮಕ್ಕೆ ಒಗ್ಗುವುದು ಒಡೆದ ಚರ್ಮಕ್ಕೆ ಒಗ್ಗುವುದಿಲ್ಲ. ಲೋಳೆಸರದ ಎಲೆ ಮುರಿದು ಅದರ ಹಳದಿ ಹಾಲಿನ ಸಮೇತ ಹಚ್ಚಿ ಉರಿ ಜಾಸ್ತಿ ಮಾಡಿಕೊಂಡವರೂ ಇದ್ದಾರೆ. ಬಿಸಿ ಎಣ್ಣೆ ತಿಕ್ಕಿ ಅಭ್ಯಂಜನ ಮಾಡೋದು ಇನ್ನೂ ಕೆಟ್ಟದ್ದು. ಎಲ್ಲ ಒಣಗಿ ಸಿಪ್ಪೆ ಏಳುವ ಹೊತ್ತಿಗೆ ಸ್ವಲ್ಪ ವ್ಯಾಸಲೀನ್ ಸವರಿ, ಸಾಕು.

ತಲೆ ಬೋಳಿಸಬೇಕಾ ಅಂತ ಕೇಳುವವರು ಬಹಳ. ಸಾಮಾನ್ಯವಾಗಿ ಬೇಡ. ಪಿಪಿಡಿ ಪೂರ್ತಿ ಬಣ್ಣವಾಗಿ ಮಾರ್ಪಟ್ಟು ಕೂದಲೊಳಗೆ ಕೂತ ಮೇಲೆ ಹೆಚ್ಚು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಮಾರ್ಪಡದೆ ಉಳಿದದ್ದು, ಅದನ್ನು ತೆಗೆಯಲೆಂದೇ ಚೆನ್ನಾಗಿ ತೊಳೆಯಿರಿ ಅಂತ ಮೇಲೆ ಹೇಳಿದ್ದು.

ಡಾಕ್ಟರ ಹತ್ತಿರ ಯಾವಾಗ, ಏನು ತೆಗೆದುಕೊಂಡು ಹೋಗಬೇಕು

ಕಣ್ಣು ಮುಚ್ಚುವಷ್ಟು ಊತ, ಮುಖ ಅಥವಾ ಕುತ್ತಿಗೆ ತುಂಬ ಗುಳ್ಳೆ, ಜ್ವರ, ಕೀವು, ಅಥವಾ ಎರಡು ಮೂರು ದಿನವಾದರೂ ಹೆಚ್ಚುತ್ತಲೇ ಇದ್ದರೆ ಚರ್ಮದ ಡಾಕ್ಟರನ್ನು ನೋಡಿ. ಖಾಸಗಿಗೆ ದುಡ್ಡಿಲ್ಲ ಅಂದರೆ ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ.

ಹೋಗುವಾಗ ಡೈಯ ಪೆಟ್ಟಿಗೆ ಒಯ್ಯಿರಿ. ಬಿಸಾಡಿದ್ದರೆ ಕಸದ ಬುಟ್ಟಿ ಹುಡುಕಿ, ತಮಾಷೆಯಲ್ಲ. ಸಿಗದಿದ್ದರೆ ಅಂಗಡಿಯಲ್ಲಿ ಅದೇ ಪ್ಯಾಕೆಟ್ಟಿನ ಹಿಂಭಾಗದ ಫೋಟೋ ತೆಗೆದುಕೊಳ್ಳಿ. ಊತ ಜೋರಾಗಿದ್ದ ದಿನದ ಮುಖದ ಫೋಟೋ ಕೂಡ ಇರಲಿ. ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಇಳಿದುಹೋಗಿರುತ್ತದೆ, ಆಮೇಲೆ ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಡೈ ಹಚ್ಚಿದ ದಿನ ಮತ್ತು ಗಂಟೆ, ತುರಿಕೆ ಶುರುವಾದ ದಿನ ಮತ್ತು ಗಂಟೆ ಬರೆದಿಟ್ಟುಕೊಳ್ಳಿ.

ಜೋರಾಗಿದ್ದರೆ ಕೆಲವು ದಿನ ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆ ಕೊಡಬಹುದು. ಶುಗರ್, ಬಿಪಿ, ಹೊಟ್ಟೆಯ ಹುಣ್ಣು ಇದ್ದರೆ ಮೊದಲೇ ಹೇಳಿ, ಈ ಮಾತ್ರೆ ಶುಗರ್ ಏರಿಸುತ್ತದೆ. ಎರಡನೇ ದಿನವೇ ಊತ ಇಳಿಯಿತು ಅಂತ ನೀವೇ ನಿಲ್ಲಿಸಿದರೆ ಮತ್ತೆ ವಾಪಸ್ ಬರುವ ಸಾಧ್ಯತೆ ಇದೆ. ಹೇಳಿದಷ್ಟು ದಿನ, ಹೇಳಿದ ಹಾಗೆ ಮುಗಿಸಿ.

ಎಲ್ಲ ವಾಸಿಯಾದ ಮೇಲೆ ಪ್ಯಾಚ್ ಟೆಸ್ಟ್ ಮಾಡಿಸಬಹುದಾ ಅಂತ ಕೇಳಿ. ರಕ್ತಪರೀಕ್ಷೆಯಲ್ಲ ಇದು. ಅನುಮಾನದ ವಸ್ತುಗಳನ್ನು ಚಿಕ್ಕ ಚಿಕ್ಕ ಬಟ್ಟಲಲ್ಲಿ ಹಾಕಿ ಬೆನ್ನಿಗೆ ಪ್ಲಾಸ್ಟರ್ ಮಾಡಿ ಅಂಟಿಸುತ್ತಾರೆ. 48 ಗಂಟೆ ಹಾಗೇ ಇರಬೇಕು, ಬೆನ್ನು ಒದ್ದೆಯಾಗಬಾರದು, ಬೆವರು ಬರುವ ಕೆಲಸ ಮಾಡಬಾರದು. ತೆಗೆದು ಒಮ್ಮೆ ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡನೇ ಸಲ ತಪ್ಪಿಸಬೇಡಿ, ಕೆಲವರಿಗೆ ಆಗಲೇ ಗುರುತು ಕಾಣುವುದು. ಮೂರು ಸಲ ಆಸ್ಪತ್ರೆಗೆ ಓಡಾಡಬೇಕು, ಬೇಜಾರೇ. ಆದರೆ ನಿಮಗೆ ಪಿಪಿಡಿ ಆಗುವುದಿಲ್ಲ ಅಂತ ಖಾತ್ರಿಯಾಗಿ ಗೊತ್ತಾಗುವುದು ಇದರಿಂದಲೇ.

ಊತ ಇಲ್ಲದೆಯೂ ಬರುವ ಅಲರ್ಜಿ

ನಮ್ಮಂಥ ಕಂದು ಮೈಬಣ್ಣದವರಲ್ಲಿ ಇನ್ನೊಂದು ರೂಪ ಕಾಣುತ್ತದೆ. ಕೆಂಪೂ ಇಲ್ಲ, ಗುಳ್ಳೆಯೂ ಇಲ್ಲ. ಹಣೆಯ ಅಂಚು, ಕಪಾಲದ ಎರಡು ಬದಿ, ಕುತ್ತಿಗೆ ನಿಧಾನವಾಗಿ ಬೂದುಗಪ್ಪಾಗುತ್ತಾ ಬರುತ್ತದೆ. ಬಿಸಿಲು, ವಯಸ್ಸು, ಬಂಗು ಅಂತ ಕ್ರೀಮ್ ಮೇಲೆ ಕ್ರೀಮ್ ಹಚ್ಚುತ್ತಾರೆ, ಜೊತೆಗೆ ತಿಂಗಳಿಗೊಮ್ಮೆ ಡೈಯನ್ನೂ ಹಚ್ಚುತ್ತಾರೆ. ಕೆಲವರಲ್ಲಿ ಇದಕ್ಕೆ ತದ್ವಿರುದ್ಧ, ಡೈ ತಾಗಿದ ಕಡೆ ಬಿಳಿ ಮಚ್ಚೆ ಬರುತ್ತದೆ. ಮೀಸೆ ಗಡ್ಡಕ್ಕೆ ಹಚ್ಚುವ ಗಂಡಸರು ತುಟಿಯ ಸುತ್ತ ಗಮನಿಸಿ. ಎರಡೂ ಸಂದರ್ಭದಲ್ಲಿ ಡೈ ನಿಲ್ಲಿಸದೆ ಯಾವ ಮದ್ದೂ ಕೆಲಸ ಮಾಡುವುದಿಲ್ಲ.

ಬ್ರ್ಯಾಂಡ್ ಬದಲಾಯಿಸಿದರೆ ಸಾಕಾ?

ಸಾಕಾಗುವುದಿಲ್ಲ. ಹೆಸರು ಬೇರೆ, ಒಳಗಿರುವುದು ಅದೇ. ಹತ್ತಿಪ್ಪತ್ತು ರೂಪಾಯಿಯ ಪುಡಿ ಪ್ಯಾಕೆಟ್ಟಿನಲ್ಲೂ, ಸಲೂನಿನ ದುಬಾರಿ ಕ್ರೀಮಿನಲ್ಲೂ ಪಿಪಿಡಿ ಇರಬಹುದು. ಯುರೋಪಿನಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಅದು ಶೇ 2ಕ್ಕಿಂತ ಜಾಸ್ತಿ ಇರಬಾರದು ಅನ್ನೋ ಮಿತಿ ಇದೆ. ಆದರೆ ಅಲರ್ಜಿ ಇರುವವರಿಗೆ ಅದಕ್ಕಿಂತ ಎಷ್ಟೋ ಕಡಿಮೆಯೂ ಸಾಕು.

'ಅಮೋನಿಯಾ ಇಲ್ಲ' ಅಂದರೆ ಅಮೋನಿಯಾ ಇಲ್ಲ ಅಂತ ಮಾತ್ರ. ಉರಿ, ಘಾಟು ಕಡಿಮೆಯಾಗಬಹುದು. ಪಿಪಿಡಿ ಇಲ್ಲ ಅಂತ ಅದರ ಅರ್ಥ ಅಲ್ಲ. 'ಹರ್ಬಲ್', 'ಆಯುರ್ವೇದಿಕ್' ಅಂತ ಮುಂದೆ ಎಲೆ ಚಿತ್ರ ಹಾಕಿದ್ದನ್ನು ಬಿಟ್ಟು ಹಿಂದೆ ಸಣ್ಣಕ್ಷರದಲ್ಲಿರುವ ಪಟ್ಟಿ ಓದಿ. ಅದು ಇಂಗ್ಲಿಷಿನಲ್ಲಿರುತ್ತದೆ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಫೆನಿಲೀನ್ ಡೈಅಮೈನ್, ಬೆಂಜೀನ್ ಡೈಅಮೈನ್, ಡೈಅಮಿನೋ ಬೆಂಜೀನ್, ಎಲ್ಲ ಒಂದೇ. ಟಾಲ್ಯೂನ್ ಡೈಅಮೈನ್ ಮತ್ತು ಅಮಿನೋಫೀನಾಲ್ ಬೇರೆ ವಸ್ತುಗಳು, ಆದರೆ ಹತ್ತಿರದ ನೆಂಟರು. ಪಿಪಿಡಿ ಆಗದ ಬಹಳ ಜನರಿಗೆ ಇವೂ ಆಗುವುದಿಲ್ಲ. 'ಪಿಪಿಡಿ ಫ್ರೀ' ಅಂತ ಬರೆದ ಡೈಯಲ್ಲಿ ಅದರ ಬದಲು ಇವನ್ನೇ ಹಾಕಿರುವುದುಂಟು.

ಕಪ್ಪು ಮೆಹಂದಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗೋರಂಟಿ ಸೊಪ್ಪಿನ ಬಣ್ಣ ಕೆಂಪು, ಕಿತ್ತಳೆ. ಕಪ್ಪು ಅದರಿಂದ ಬರುವುದಿಲ್ಲ. ಮೆಹಂದಿ ಅಂತ ಹೆಸರಿಟ್ಟು ಅರ್ಧ ಗಂಟೆಯಲ್ಲಿ ಕೂದಲು ಕರ್ರಗೆ ಮಾಡುತ್ತದೆ ಅಂದರೆ ಒಳಗೆ ಪಿಪಿಡಿ ಇದೆ ಅಂತಲೇ ತಿಳಿಯಿರಿ. ಮದುವೆ ಮನೆಗಳಲ್ಲಿ, ಜಾತ್ರೆಗಳಲ್ಲಿ ಹತ್ತು ನಿಮಿಷಕ್ಕೆ ಕಪ್ಪಾಗುವ ಕೋನ್ ಹಾಕುತ್ತಾರಲ್ಲ, ಅದರಲ್ಲೂ ಇದು ಇರಬಹುದು. ಮಕ್ಕಳ ಕೈಗೆ ಅದನ್ನು ಹಾಕಿಸಬೇಡಿ. ಎಂಟು ವರ್ಷದ ಹುಡುಗಿಯ ಕೈಮೇಲೆ ಚಿತ್ತಾರದ ಆಕಾರದಲ್ಲೇ ಗುಳ್ಳೆ ಎದ್ದು ವಾಸಿಯಾಗುತ್ತದೆ, ಎಲ್ಲರೂ ಮರೆಯುತ್ತಾರೆ. ಅಲರ್ಜಿ ಮಾತ್ರ ಅವಳ ಜೊತೆಗೇ ಬೆಳೆದು, ಮುಂದೆ ಮೊದಲ ಸಲ ಡೈ ಹಾಕಿದಾಗಲೇ ಮುಖ ಊದಿಸಬಹುದು.

ಇನ್ನೂ ಡೈ ಹಾಕುವವರಿಗೆ

ಈವರೆಗೆ ಏನೂ ಆಗದವರು, ಅಥವಾ ಬರೀ ಉರಿ ಅಂತ ಖಚಿತವಾದವರು ಪ್ರತಿ ಸಲ ಹಚ್ಚುವ 48 ಗಂಟೆ ಮೊದಲು ಪರೀಕ್ಷೆ ಮಾಡಿ. ಮೊಣಕೈ ಒಳಭಾಗದಲ್ಲೋ ಕಿವಿಯ ಹಿಂದೆಯೋ ಒಂದು ಚೂರು, ಪೆಟ್ಟಿಗೆಯಲ್ಲಿ ಹೇಳಿರುವ ರೀತಿಯಲ್ಲೇ ಹಚ್ಚಿ, ಅಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಿರಿ. ಎರಡು ದಿನ ಕಾಯಿರಿ. ತುರಿಕೆ, ಕೆಂಪು, ಸಣ್ಣ ಗುಳ್ಳೆ ಏನೇ ಬಂದರೂ ಆ ಡೈ ನಿಮಗಲ್ಲ. ಏನೂ ಬರಲಿಲ್ಲ ಅಂದರೂ ನೂರಕ್ಕೆ ನೂರು ಗ್ಯಾರಂಟಿ ಅಂತ ಹೇಳಲಾಗದು. ಹಿಂದೆ ಮುಖ ಊದಿದ್ದವರು ಮಾತ್ರ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬೇಡಿ, ಆ ಒಂದು ಚೂರೇ ಸಾಕಾಗಬಹುದು.

ಹಚ್ಚುವ ಹಿಂದಿನ ದಿನ ತಲೆಗೆ ಸ್ನಾನ ಬೇಡ, ಇರುವ ಜಿಡ್ಡು ನೆತ್ತಿಯನ್ನು ಕಾಯುತ್ತದೆ. ಹಣೆಯ ಅಂಚಿಗೆ, ಕಿವಿಗೆ ವ್ಯಾಸಲೀನ್ ಸವರಿ. ಪೆಟ್ಟಿಗೆಯ ಜೊತೆ ಬರುವ ಜೊಳ್ಳು ಪ್ಲಾಸ್ಟಿಕ್ ಗ್ಲೌಸ್ ಹರಿಯುತ್ತದೆ, ನೈಟ್ರೈಲ್ ಗ್ಲೌಸ್ ತಂದುಕೊಳ್ಳಿ. ನೆತ್ತಿಯಲ್ಲಿ ಗಾಯ ಇದ್ದರೆ ಮುಂದಕ್ಕೆ ಹಾಕಿ. ನಾಳೆ ಮಗಳ ಮದುವೆ ಅಂತ ಇವತ್ತು ಸಂಜೆ ಹೊಸ ಡೈ ಹಚ್ಚಬೇಡಿ, ಊತ ಬರುವುದೇ ಆದರೆ ಸರಿಯಾಗಿ ಮುಹೂರ್ತಕ್ಕೋ ಬೀಗರ ಊಟಕ್ಕೋ ಬರುತ್ತದೆ. ಕಟಿಂಗ್ ಶಾಪಿನಲ್ಲಿ ಹಚ್ಚಿಸಿಕೊಳ್ಳುವವರು ಬಟ್ಟಲು, ಬ್ರಷ್ ತೊಳೆದದ್ದಾ ನೋಡಿ, ಯಾವ ಪ್ಯಾಕೆಟ್ ಒಡೆದರು ಅಂತ ನೋಡಿ, ಅದರ ಫೋಟೋ ಇಟ್ಟುಕೊಳ್ಳಿ.

ಡೈ ಪ್ಯಾಕೆಟ್ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹೊಟ್ಟೆಗೆ ಹೋದರೆ ಪಿಪಿಡಿ ವಿಷ. ಕುತ್ತಿಗೆ, ನಾಲಗೆ ಊದಿ ಉಸಿರು ಕಟ್ಟುತ್ತದೆ, ಮೂತ್ರ ಕಪ್ಪಾಗಿ ಕಿಡ್ನಿ ಕೆಡುತ್ತದೆ. ವಾಂತಿ ಮಾಡಿಸುತ್ತಾ ಕೂರದೆ ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಅಲರ್ಜಿ ಖಚಿತವಾದವರಿಗೆ ಉಳಿದ ದಾರಿ

ಬಿಳಿ ಕೂದಲು ಹಾಗೇ ಇರಲಿ ಅನ್ನೋದು ನನ್ನ ಮೊದಲ ಸಲಹೆ. ಒಪ್ಪುವವರು ಕಡಿಮೆ, ಗೊತ್ತು.

ಎರಡನೆಯದು ಶುದ್ಧ ಗೋರಂಟಿ ಮತ್ತು ನೀಲಿ ಪುಡಿ, ಅಂದರೆ ಇಂಡಿಗೊ ಗಿಡದ ಎಲೆಯ ಪುಡಿ. ಪಟ್ಟಿಯಲ್ಲಿ ಆ ಒಂದು ಎಲೆಯ ಹೆಸರು ಬಿಟ್ಟು ಬೇರೇನೂ ಇರಬಾರದು. ಗೋರಂಟಿ ಪುಡಿಯನ್ನು ಟೀ ಡಿಕಾಕ್ಷನ್‌ನಲ್ಲಿ ಕಲಸಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಹಚ್ಚಿ ಎರಡು ಮೂರು ಗಂಟೆ ಬಿಡಿ, ಶಾಂಪೂ ಇಲ್ಲದೆ ತೊಳೆಯಿರಿ. ಕೂದಲು ಕಿತ್ತಳೆಯಾಗುತ್ತದೆ, ಗಾಬರಿ ಬೇಡ. ಆಮೇಲೆ ನೀಲಿ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಕೂಡಲೇ ಹಚ್ಚಿ. ಇದನ್ನು ರಾತ್ರಿಯೇ ಕಲಸಿಟ್ಟರೆ ಕೆಲಸಕ್ಕೆ ಬರುವುದಿಲ್ಲ. ಒಂದೆರಡು ಗಂಟೆಯ ನಂತರ ಬರೀ ನೀರಿನಲ್ಲಿ ತೊಳೆಯಿರಿ, ಎರಡು ದಿನ ಶಾಂಪೂ ಬೇಡ. ಮೊದಲು ಹಸಿರು ಛಾಯೆ ಕಾಣಬಹುದು, ಒಂದೆರಡು ದಿನದಲ್ಲಿ ಗಾಢವಾಗುತ್ತದೆ. ಅರ್ಧ ದಿನದ ಕೆಲಸ, ಬಚ್ಚಲೆಲ್ಲ ಗಲೀಜು, ಡೈಯಷ್ಟು ಕರ್ರಗೂ ಆಗುವುದಿಲ್ಲ. ಅಪರೂಪಕ್ಕೆ ಇವೂ ಕೆಲವರಿಗೆ ಆಗುವುದಿಲ್ಲ, ಆದ್ದರಿಂದ ಇವಕ್ಕೂ ಮೊಣಕೈಯಲ್ಲಿ ಪರೀಕ್ಷೆ ಬೇಕು. ಜಿ6ಪಿಡಿ ಕೊರತೆ (ಕೆಂಪು ರಕ್ತಕಣಗಳು ಬೇಗ ಒಡೆಯುವ ಹುಟ್ಟಿನಿಂದ ಬರುವ ತೊಂದರೆ) ಇರುವವರಿಗೆ, ಹಸುಗೂಸುಗಳಿಗೆ ಗೋರಂಟಿಯೂ ಬೇಡ.

ಕೊನೆಗೆ, ಪಿಪಿಡಿ ಅಲರ್ಜಿ ಅನ್ನೋದನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಎಲ್ಲ ಡಾಕ್ಟರಿಗೂ, ಹಲ್ಲಿನ ಡಾಕ್ಟರಿಗೂ ಹೇಳಿ. ಬೆಂಜೊಕೇನ್ ಅನ್ನುವ ಮರಗಟ್ಟಿಸುವ ಮದ್ದು, ಕೆಲವು ಸಲ್ಫಾ ಔಷಧಿ, ಪಾಬಾ (PABA) ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಇಂಥವರಲ್ಲಿ ಕೆಲವರಿಗೆ ಆಗುವುದಿಲ್ಲ. ಗಾಢ ಬಣ್ಣದ ಸಿಂಥೆಟಿಕ್ ಬಟ್ಟೆ ಹಾಕಿದಾಗ ಕಂಕುಳ ಸುತ್ತ, ತೊಡೆ ಒಳಗೆ ತುರಿಕೆ ಬಂದರೆ ಅದರ ಬಣ್ಣದ ಮೇಲೂ ಒಂದು ಕಣ್ಣಿಡಿ. ಗಂಡ ಡೈ ಹಾಕಿ ಹೆಂಡತಿಗೆ ಅಲರ್ಜಿ ಇದ್ದರೆ, ಗಂಡನ ತಲೆ ಚೆನ್ನಾಗಿ ತೊಳೆದು ಒಣಗುವವರೆಗೆ ದಿಂಬು, ಟವೆಲ್, ಬಾಚಣಿಗೆ ಬೇರೆ ಬೇರೆ ಇರಲಿ.